ಇನ್ ಸ್ಪೈಟ್ ಆಫ್ ಹಾಕಿ ಒಂದು ವಾಕ್ಯ

ಇಂಗ್ಲಿಷ್ ಮೇಷ್ಟರ ಮನೆಯಲ್ಲಿ ಹುಟ್ಟಿದವರಿಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ವರ್ಗವಾದರೆ ಅವೂ ಸಾಮಾನಿನ ಗಾಡಿಯ ಹಿಂದೆಯೇ ನಡೆದು ಬರುತ್ತವೆ. ಮಹಾರಾಜರ ಕಾಲದ ಮಾತು. ನಮ್ಮ ತಂದೆ ಇನ್ ಫ್ರಂಟ್ ಆಫ್, ಇನ್ ಸ್ಪೈಟ್ ಆಫ್, ಆನ್ ಬಿಹಾಫ್ ಆಫ್ ಎಂದು ಮೂರು ಮೂರು ಪದ ಕೂಡಿಬರುವ ಮಾತುಗಳನ್ನು ಹಲಗೆಯ ಮೇಲೆ ಬರೆದು, ಎದುರಿಗೆ, ಆದರೂ, ಪರವಾಗಿ ಎಂದು ಅರ್ಥ ಹೇಳಿ, ಒಂದೊಂದಕ್ಕೂ ಐದು ವಾಕ್ಯ ಬರೆಸುತ್ತಿದ್ದರು. "ಪುಸ್ತಕದ ವಾಕ್ಯ ಬೇಡ. ನಿಮ್ಮ ಮನೇಲಿ ನಡೆದದ್ದನ್ನ ಬರೀರಿ. ಸುಳ್ಳು ವಾಕ್ಯ ಮರೆತುಹೋಗುತ್ತೆ, ನಿಜದ್ದು ನಿಲ್ಲುತ್ತೆ" ಎನ್ನುವರು.

ನಾನೂ ಬರೆಯುತ್ತಿದ್ದೆ. ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂರಬೇಕೆಂಬುದೊಂದೇ ನನ್ನ ಆಸೆ. ಅದಕ್ಕೆ ಮುಂಚೆಯೇ ನನ್ನ ಮದುವೆ ಮುಗಿಸಬೇಕೆಂಬುದು ಅಜ್ಜಿಯ ಆಸೆ. ತಂದೆ ಶಾಲೆಯಲ್ಲಿ ಹುಲಿ. ಮನೆಯಲ್ಲಿ ತಾಯಿಯ ಮಾತಿಗೆ ಎದುರಾಡಿದವರಲ್ಲ.

ಮಧುಗಿರಿ

ಅಲ್ಲಿ ಒಬ್ಬ ಹಿರಿಯರಿದ್ದರು, ಏಕಾದಶಿಯ ದಿನ ತೊಟ್ಟು ನೀರನ್ನೂ ಮುಟ್ಟದವರೆಂದು ಊರಿಗೆಲ್ಲ ಹೆಸರು. ಅವರ ಮೊಮ್ಮಗ ಬರೆದಿದ್ದ ವಾಕ್ಯ ಇದು: ಏಕಾದಶಿಯಾದರೂ ನಮ್ಮ ತಾತ ಹಿತ್ತಲ ಬಾಗಿಲಿನಿಂದ ಬೋಂಡ ತರಿಸುತ್ತಾರೆ.

ತಾತನಿಗೆ ಇಂಗ್ಲಿಷ್ ಬಾರದು. ಮೊಮ್ಮಗನ ವಿದ್ಯೆಯ ಮೇಲೆ ಮಾತ್ರ ಬಹಳ ಹೆಮ್ಮೆ. ಜಗಲಿಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿಸಿದರು. ಕೂತವರಲ್ಲಿ ಇಂಗ್ಲಿಷ್ ಬಲ್ಲವರು ಪೋಸ್ಟ್ ಮಾಸ್ಟರು ಒಬ್ಬರೇ.

"ಏನಂತೆ ಸ್ವಾಮಿ, ಏನು ಬರೆದಿದಾನೆ?"

ಪೋಸ್ಟ್ ಮಾಸ್ಟರು ಸ್ವಲ್ಪ ಯೋಚಿಸಿ ಹೇಳಿದರು: "ಏಕಾದಶಿಯ ದಿನ ತಾವು ನಡೆದುಕೊಳ್ಳೋ ರೀತಿ."

ತಾತ ಕಣ್ಣೊರೆಸಿಕೊಂಡರು. "ಇನ್ನೊಂದ್ಸಲ ಓದು ಮಗು. ಬೀದಿಗೂ ಕೇಳಲಿ."

ಕೊರಟಗೆರೆ

ಇನ್‌ಸ್ಪೆಕ್ಟರು ಬರುವ ದಿನ ಮೇಷ್ಟರುಗಳು ಕೋಟು, ಪೇಟ, ಬೂಟು ಧರಿಸಬೇಕು. ತಂದೆಗೆ ಬೂಟಿರಲಿಲ್ಲ. ಪಕ್ಕದ ಮನೆಯ ಗುಮಾಸ್ತರದನ್ನು ಹಾಕಿಕೊಂಡು ಬಂದರು. ಅದು ಒಂದು ಬೆರಳು ಚಿಕ್ಕದು.

ಇನ್‌ಸ್ಪೆಕ್ಟರು ನಮ್ಮ ತರಗತಿಗೆ ಬಂದು, ಇನ್ ಫ್ರಂಟ್ ಆಫ್ ಹಾಕಿ ವಾಕ್ಯ ಮಾಡಿ ಎಂದರು. ಮುಂದಿನ ಸಾಲಿನವನು ಎದ್ದು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದ: "ಇನ್‌ಸ್ಪೆಕ್ಟರ ಎದುರಿಗೆ ನಮ್ಮ ಮೇಷ್ಟರು ಬೂಟು ಹಾಕುತ್ತಾರೆ."

ಇನ್‌ಸ್ಪೆಕ್ಟರು ತಂದೆಯ ಕಾಲು ನೋಡಿದರು. "ಹುಡುಗರನ್ನ ಚೆನ್ನಾಗಿ ತಯಾರು ಮಾಡಿದೀರಿ ಮೇಷ್ಟ್ರೇ. ಈಗ ಅದನ್ನ ಬಿಚ್ಚಿಬಿಡಿ. ಆಗಿನಿಂದ ಕುಂಟ್ತಾ ಇದೀರಿ."

ಶಿರಾ

ಶಿರಾದಲ್ಲಿ ಕಂಬಳಿ ಅಂಗಡಿಯ ಸಾಹೇಬರು ಸಂಜೆ ಹೊತ್ತು ಇಂಗ್ಲಿಷ್ ಕಲಿಯಲು ಮನೆಗೆ ಬರುತ್ತಿದ್ದರು. ಬೆಂಗಳೂರಿನಿಂದ ಉಣ್ಣೆ ಬಂದಿಲ್ಲವೆಂದು ಅಲ್ಲಿಯ ವ್ಯಾಪಾರಿಗೆ ಕಾಗದ ಬರೆಯಬೇಕು. ಬರೆದು ತಂದು ತೋರಿಸಿದರು. ನಮ್ಮ ತಂದೆಯವರ ಪರವಾಗಿ ಸಲಾಂ, ಅಣ್ಣನವರ ಪರವಾಗಿ ಸಲಾಂ, ಬೀದಿಯವರೆಲ್ಲರ ಪರವಾಗಿ ಸಲಾಂ: ಎರಡು ಪುಟ, ಕೆಳಗೆ ರುಜು.

"ಉಣ್ಣೆ ಎಲ್ಲಿ ಸಾಹೇಬರೇ?" ಎಂದರು ತಂದೆ.

"ಅಷ್ಟು ಹಿರೀಕರ ಸಲಾಂ ಆದ್ಮೇಲೆ ನಮ್ದೊಂದು ತಕರಾರು ಹೇಳೋದು ಅದಬ್ ಅಲ್ಲ, ಮಾಸ್ಟರ್ ಸಾಬ್."

ಒಳಗಿನಿಂದ ಅಜ್ಜಿ, "ಸಾಹೇಬರಿಗೆ ವ್ಯಾಪಾರ ಇದೆ, ಬರೀತಾರೆ. ಇವಳು ಇಂಗ್ಲಿಷ್ ಕಲಿತು ಯಾರಿಗೆ ಬರೀಬೇಕು?" ಎಂದಳು.

"ದೂರದೂರಿಗೆ ಹೋದ್ರೆ ನಿಮಗೇ ಬರೀತಾಳೆ, ಅಮ್ಮಾ" ಎಂದರು ಸಾಹೇಬರು.

"ನನಗೆ ಓದೋಕೇ ಬರಲ್ವಲ್ಲಪ್ಪಾ."

"ಹಾಗಾದ್ರೆ ಇವಳು ಏನು ಬರೆದ್ರೂ ನಿಮಗೆ ಬೇಜಾರಾಗಲ್ಲ."

ನಾನು ಈ ಜಬಲ್ಪುರಕ್ಕೆ ಬಂದು ನಲವತ್ತು ವರ್ಷವಾಯಿತು. ಈಗಲೂ ಊರಿಗೆ ಕಾಗದ ಬರೆದರೆ ಎಲ್ಲರ ಕ್ಷೇಮ ಕೇಳುವುದರಲ್ಲೇ ಹಾಳೆ ಮುಗಿಯುತ್ತದೆ. ನನ್ನ ವಿಷಯ ಉಳಿದುಹೋಗುತ್ತದೆ. ಸಾಹೇಬರ ಆ ಎರಡು ಪುಟ ಸಲಾಂ ಹಾಸ್ಯವಲ್ಲ, ಮರ್ಯಾದೆ ಎಂದು ತಿಳಿಯಲು ನನಗೆ ಇಷ್ಟು ದಿನ ಬೇಕಾಯಿತು.

ಪಾವಗಡ

ಪರೀಕ್ಷೆಗೆ ಎರಡು ತಿಂಗಳಿದ್ದಾಗ ಅಜ್ಜಿ ಗಂಡಿನ ಕಡೆಯವರನ್ನು ಕರೆಸಿಯೇಬಿಟ್ಟಳು. ಹುಡುಗ, ಅವನ ತಂದೆ, ತಾಯಿ. ಒಪ್ಪಿಗೆಯಾದರೆ ಅದೇ ತಿಂಗಳು ಲಗ್ನ. ನಾನು ಒಂದು ದೇವರನಾಮ ಹಾಡಿದೆ. ಹುಡುಗನ ತಂದೆ, "ಇಂಗ್ಲಿಷ್ ಬರುತ್ತಂತಲ್ಲ, ಒಂದು ಮಾತು ಆಡಲಿ" ಎಂದರು.

ತಂದೆಯ ಬಾಯಿಂದ ಅಭ್ಯಾಸಬಲದಿಂದ ಹೊರಟಿತು: "ಇನ್ ಸ್ಪೈಟ್ ಆಫ್ ಹಾಕಿ ಒಂದು ವಾಕ್ಯ ಹೇಳಮ್ಮ."

ನಿಜದ ವಾಕ್ಯ ಒಂದೇ ಇತ್ತು. ಇಂಗ್ಲಿಷಿನಲ್ಲಿ ಹೇಳಿದೆ: ನನಗೆ ಪರೀಕ್ಷೆಗೆ ಕೂರುವ ಆಸೆಯಿದ್ದರೂ ನನ್ನನ್ನು ಇಲ್ಲಿ ಕೂರಿಸಿದ್ದಾರೆ.

ಇಂಗ್ಲಿಷ್ ಬಾರದ ಹಿರಿಯರೆಲ್ಲ ತಲೆದೂಗಿದರು. ಹುಡುಗ ಮೊದಲ ಸಲ ತಲೆಯೆತ್ತಿ, ತಾನೂ ಇಂಗ್ಲಿಷಿನಲ್ಲೇ ಹೇಳಿದ: ಎರಡು ಸಲ ನಪಾಸಾದರೂ ನನಗೆ ಮತ್ತೆ ಪರೀಕ್ಷೆ ಕಟ್ಟುವ ಆಸೆ, ನನ್ನನ್ನೂ ಹೀಗೆಯೇ ಕರೆತಂದಿದ್ದಾರೆ.

ಅಜ್ಜಿಯ ಮುಖ ಅರಳಿತು. "ನೋಡಿದ್ರಾ, ಆಗಲೇ ಮಾತಾಡ್ಕೊಂಡ್ಬಿಟ್ರು. ಇನ್ನೇನು ಕೇಳೋದು" ಎನ್ನುತ್ತ ತಾಂಬೂಲದ ತಟ್ಟೆ ತರಲು ಎದ್ದಳು.

ನಾನು ತಂದೆಯ ಮುಖ ನೋಡಿದೆ. ಅವರು ಅಜ್ಜಿಯ ಕಡೆ ನೋಡದೆ, ಗೋಡೆಗೆ ಪಾಠ ಹೇಳುವವರಂತೆ ಹೇಳಿದರು: "ಅಮ್ಮಾ, ತಟ್ಟೆ ಅಲ್ಲಿರಲಿ. ಇಬ್ಬರೂ ಹೇಳಿದ್ದು ಒಂದೇ. ಪರೀಕ್ಷೆ ಮುಗಿಯೋವರೆಗೆ ಮದುವೆ ಬೇಡವಂತೆ."

"ಇಬ್ಬರೂನಾ?" ಎಂದರು ಹುಡುಗನ ತಾಯಿ.

"ಇಬ್ಬರೂ."

ಆಕೆ ಮಗನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ನಿಂತು, ತೆಲುಗು ಬೆರೆಸಿ ಗಂಡನಿಗೆ ಹೇಳಿದರು:

"ಸರಿಪೋಯಿಂದಿ, ಗಾಡಿ ಕಟ್ಟಿಸಿ. ಮದುವೆಗೆ ಮುಂಚೆಯೇ ಇಬ್ಬರೂ ಒಂದೇ ಮಾತಾಗಿದಾರೆ. ಇನ್ನು ನಾನು ಅತ್ತೆ ಆಗಿ ಮಾಡೋದೇನು?"