ಗುಂಡಿಯ ಪಕ್ಕದ ಕೆಂಪು ಚುಕ್ಕೆ

“ಈ ಕಲೆ ಮಾಡ್ತಿರೋರು ಯಾರು ಅಂತ ಕಂಡುಹಿಡಿದೇ ಹಿಡೀತೀನಿ! ಇಲ್ಲಾಂದ್ರೆ ಇನ್ಮೇಲೆ ಈ ಮೆಷಿನ್ ಮುಟ್ಟಲ್ಲ!”

ಹೀಗೆಂದು ಟೈಲರು ಮೇಜು ಗುದ್ದಿದ ರಭಸಕ್ಕೆ ಸೂಜಿಡಬ್ಬಿ ಮಗುಚಿ ಸೂಜಿಗಳೆಲ್ಲ ನೆಲದ ಪಾಲಾದವು. ಬಗ್ಗಿ ಆರಿಸಿದವಳು ಹೆಂಡತಿ. ಇಂಥ ಘೋರ ಶಪಥ ಮಾಡಿದವರು ಮರುಗಳಿಗೆಯೇ ನೆಲ ತಡಕುತ್ತ ಕೂತರೆ ಶಪಥದ ಗತಿ ಏನಾಗಬೇಕು?

ಶಪಥಕ್ಕೆ ಕಾರಣವೂ ಇತ್ತು. ಆಗಷ್ಟೇ ಶಾಲೆಯ ಹೆಡ್‌ಮಾಸ್ಟರು ತಮ್ಮ ಹೊಸ ಬಿಳಿ ಶರ್ಟನ್ನು ವಾಪಸ್ ತಂದು ಮೇಜಿನ ಮೇಲೆ ಹರಡಿ ಹೋಗಿದ್ದರು. ಗುಂಡಿಗಳ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ.

“ರಕ್ತ ಕಣ್ರೀ ಇದು! ನಾನು ಶರ್ಟ್ ಹೊಲಿಯೋಕೆ ಕೊಟ್ಟಿದ್ನೋ, ಆಪರೇಷನ್ ಮಾಡೋಕೆ ಕೊಟ್ಟಿದ್ನೋ?”

ಇಂಥ ದೂರು ಇದೇ ಮೊದಲಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಹಾಗಾಗಿ ತನಿಖೆ ತಕ್ಷಣ ಶುರುವಾಯಿತು. ಅಂಗಡಿಯಲ್ಲಿ ಇದ್ದವರೇ ಇಬ್ಬರು. ಹೊಲಿಯುವವರು ಟೈಲರು, ಗುಂಡಿ ಹಾಕುವವಳು ಹೆಂಡತಿ. ಮದುವೆಯಾಗಿ ಬಂದಾಗಿನಿಂದ ಕಿಟಕಿಯ ಪಕ್ಕದ ಸ್ಟೂಲು ಅವಳದು. ಗುಂಡಿ ಹಾಕಿ ಗಂಟು ಬಿಗಿದು ಬಟ್ಟೆಯನ್ನು ಗಂಡನ ಕಡೆ ಚಾಚುವಳು. ಟೈಲರು ಅದನ್ನು ಮುಖದ ಹತ್ತಿರ ತಂದು, ಮುಂದಿನ ಹಲ್ಲಿನಿಂದ ದಾರವನ್ನು ಟಕ್ಕೆಂದು ಕಡಿಯುವರು. ಕತ್ತರಿ ಹಾಕಿದರೆ ದಾರದ ಬಾಲ ಉಳಿಯುತ್ತದೆ, ಹಲ್ಲಿಗೆ ಆ ದೋಷವಿಲ್ಲ ಎಂಬುದು ಅವರ ಸಿದ್ಧಾಂತ. ಹೆಂಡತಿ ತವರಿನಿಂದ ತಂದಿದ್ದ ಪುಟ್ಟ ಕತ್ತರಿ ಆ ಸಿದ್ಧಾಂತದ ದೆಸೆಯಿಂದ ಸಂಸಾರದುದ್ದಕ್ಕೂ ನಿರುದ್ಯೋಗಿಯಾಗಿತ್ತು.

“ಬೆರಳು ತೋರಿಸು,” ಎಂದರು ಟೈಲರು.

“ಯಾಕ್ರೀ?”

“ತೋರಿಸು ಅಂದೆ!”

ತೋರಿಸಿದಳು. ಇಷ್ಟು ವರ್ಷ ಸೂಜಿ ಹಿಡಿದ ಬೆರಳಲ್ಲಿ ಚುಚ್ಚಿದ ಗುರುತು ಇಲ್ಲದೆ ಇರುತ್ತದೆಯೇ? ಸಾಕ್ಷಿ ಸಿಕ್ಕಿತು, ವಿಚಾರಣೆ ಮುಗಿಯಿತು, ತೀರ್ಪೂ ಹೊರಬಿತ್ತು!

“ಇವತ್ತಿಂದ ನೀನು ಸೂಜಿ ಮುಟ್ಟಬೇಡ. ಒಳಗೆ ಅಡುಗೆ ನೋಡ್ಕೊಂಡಿರು.”

“ಇವೆಲ್ಲ ಹಳೇ ಗುರುತು ರೀ. ರಕ್ತ ಬರ್ತಿರೋದು ನಿಮ್ಮ ಬಾಯಲ್ಲಿ. ದಿನಾ ಬೇಸಿನ್ ತೊಳೆಯೋಳಿಗೆ ಗೊತ್ತಾಗಲ್ವಾ?”

“ಅದು ಬ್ರಷ್ ಗಟ್ಟಿ ಇರೋದಕ್ಕೆ! ಅದಕ್ಕೇ ಉಜ್ಜೋದನ್ನೇ ಕಮ್ಮಿ ಮಾಡಿದೀನಿ. ಇವತ್ತಿನವರೆಗೂ ನನಗೆ ಹಲ್ಲುನೋವು ಅಂತ ಬಂದಿದ್ದುಂಟಾ? ಕಬ್ಬಿಣ ಕಣೇ, ಕಬ್ಬಿಣ!”

ಅವಳು ಆರಿಸಿದ ಸೂಜಿಗಳನ್ನು ಡಬ್ಬಿಗೆ ಹಾಕಿ, ತನ್ನ ಪುಟ್ಟ ಕತ್ತರಿಯನ್ನು ಎತ್ತಿಕೊಂಡು ಒಳಗೆ ಹೋದಳು.

ಗುಂಡಿಯ ಕೆಲಸವೂ ಟೈಲರ ತಲೆಗೇ ಬಂತು. ಕಲೆ ನಿಂತಿತೇ? ಇನ್ನೂ ಹೆಚ್ಚಾಯಿತು! ಟೈಲರು ದಾರದ ಅಂಗಡಿಗೆ ಹೋಗಿ ಜಗಳ ಕಾಯ್ದರು. ಗುಂಡಿಯ ಬಣ್ಣ ಬಿಡುತ್ತಿದೆ ಎಂದು ಗುಂಡಿಗಳನ್ನು ಬಿಸಿನೀರಲ್ಲಿ ಬೇಯಿಸಿದರು. ಕೊನೆಗೆ ತಿಗಣೆಯ ಮೇಲೆ ಅನುಮಾನ ಬಂದು ಅಂಗಡಿಯಲ್ಲೆಲ್ಲ ಔಷಧಿ ಹೊಡೆದು ತಾವೇ ಕೆಮ್ಮುತ್ತ ಕೂತರು.

“ಈಗ ನಾನು ಸೂಜಿ ಮುಟ್ಟೇ ಇಲ್ಲ. ಈಗ ಯಾರ ಬೆರಳಂತೆ?” ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

ಟೈಲರು ಬಟ್ಟೆಯೇ ಇಲ್ಲದ ಮೆಷಿನ್ನನ್ನು ಗಡಗಡ ತುಳಿದರು. ಕೊಟ್ಟ ತೀರ್ಪನ್ನು ನ್ಯಾಯಾಧೀಶರೇ ನುಂಗಿಕೊಂಡರೆ ಕೋರ್ಟಿನ ಮರ್ಯಾದೆ ಏನಾದೀತು?

ಮರ್ಯಾದೆ ಉಳಿಯಿತು, ಅಂಗಡಿ ಬಿಕೋ ಎನ್ನತೊಡಗಿತು. ಹೆಂಡತಿ ತಟ್ಟೆಯನ್ನು ದೂರದಿಂದಲೇ ನೂಕುತ್ತಿದ್ದಳು, ಮಾತಾಡುವಾಗ ಮುಖವನ್ನು ಅತ್ತ ತಿರುಗಿಸುತ್ತಿದ್ದಳು. ಅಷ್ಟೊಂದು ಅಸಹ್ಯವಾದೆನೇ ನಾನು ಎಂದು ಟೈಲರು ಒಳಗೊಳಗೇ ಬೆಂದರು. ಖಾಲಿ ಸ್ಟೂಲು ಕಣ್ಣಿಗೆ ಬೀಳಬಾರದೆಂದು ಅದರ ಮೇಲೆ ಹಳೆ ಬಟ್ಟೆಯ ಗಂಟು ಇಟ್ಟರು. ಗಂಟಿನ ಕೆಳಗೂ ಅದು ಅವಳ ಸ್ಟೂಲಾಗಿಯೇ ಕಾಣುತ್ತಿತ್ತು.

ಹೀಗಿರುವಾಗ ಬೀದಿಯ ಕೊನೆಯ ಹಲ್ಲಿನ ಡಾಕ್ಟರಮ್ಮ ಹೊಲಿಯಲು ಕೊಟ್ಟಿದ್ದ ಬಿಳಿ ಕೋಟು ಕೇಳಿಕೊಂಡು ಬಂದರು.

“ಒಂದೇ ನಿಮಿಷ ಮೇಡಂ, ಕೊನೇ ಗುಂಡಿ!” ಎಂದ ಟೈಲರು ಗಂಟು ಬಿಗಿದು, ತಮ್ಮ ವಿದ್ಯೆಯನ್ನೆಲ್ಲ ಪ್ರದರ್ಶಿಸುತ್ತ ದಾರ ಕಡಿದು, ಕೋಟನ್ನು ಕೊಡವಿ ಎತ್ತಿ ಹಿಡಿದರು. ಕುತ್ತಿಗೆಯಿಂದ ಕೆಳಗಿನವರೆಗೆ ಗುಂಡಿಗೊಂದರಂತೆ ಕೆಂಪು ಚುಕ್ಕೆ!

“ತಿಗಣೆ ಕಾಟ ಮೇಡಂ...”

ಡಾಕ್ಟರಮ್ಮ ಕೋಟು ನೋಡುತ್ತಿರಲಿಲ್ಲ, ಅವರ ತುಟಿ ನೋಡುತ್ತಿದ್ದರು.

“ಬಾಯಿ ತೆಗೀರಿ.”

ಮೆಷಿನ್ನಿನ ದೀಪದ ಕೆಳಗೆ ಟೈಲರು ಬಾಯಿ ತೆರೆದರು.

“ಒಸಡೆಲ್ಲ ಊದ್ಕೊಂಡು ಕೆಂಪಾಗಿದೆ. ಹಲ್ಲಿನ ಬುಡದಲ್ಲಿ ಕಿಟ್ಟ ಕಲ್ಲಾಗಿದೆ. ಬಾಯಿ ವಾಸನೆ ಬರುತ್ತೆ ಅಂತ ಮನೇಲಿ ಯಾರೂ ಹೇಳಲಿಲ್ವಾ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಮುಖ ತಿರುಗಿಸುತ್ತಿದ್ದುದು ಯಾಕೆಂದು ಟೈಲರಿಗೆ ಆಗ ಹೊಳೆಯಿತು. ನೆಲ ಬಾಯಿಬಿಟ್ಟಿದ್ದರೆ ಆ ಕ್ಷಣವೇ ಒಳಗೆ ಇಳಿಯುತ್ತಿದ್ದರು. ಆದರೆ ಬಾಯಿಬಿಟ್ಟಿದ್ದವರು ಅವರೊಬ್ಬರೇ.

ಮರುದಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಮಲಗಿದರು. ಊರಿನವರ ಎದೆ, ಸೊಂಟ, ತೋಳು ಅಳೆದವರ ಒಸಡಿಗೇ ಈಗ ಅಳತೆ! ಗೀಟು ಹಾಕಿದ ಸಣ್ಣ ಕಡ್ಡಿಯನ್ನು ಹಲ್ಲು ಒಸಡಿನ ಸಂದಿಗೆ ಇಳಿಸುತ್ತ ಡಾಕ್ಟರಮ್ಮ ಅಳತೆ ಕೂಗಿದರು, ನರ್ಸು ಬರೆದುಕೊಂಡಳು. “ಐದು... ಆರು... ಇಲ್ಲಿ ಏಳು.”

“ಏಳಾ? ಒಳ್ಳೇದಲ್ವಾ ಮೇಡಂ?”

“ಜೇಬಿನ ಆಳ ಆದ್ರೆ ಒಳ್ಳೇದು. ಒಸಡು ಹಲ್ಲನ್ನ ಬಿಟ್ಟು ಏಳು ಮಿಲಿಮೀಟರ್ ಆಳ ಸಡಿಲ ಆಗಿದೆ.”

“ಆದ್ರೆ ನೋವೇ ಇಲ್ವಲ್ಲ!”

“ಅದೇ ಇದರ ಕಷ್ಟ. ಈ ಕಾಯಿಲೆ ಗಲಾಟೆ ಮಾಡಲ್ಲ. ಉಜ್ಜಿದಾಗ ಒಂಚೂರು ರಕ್ತ ತೋರಿಸುತ್ತೆ, ನೀವು ತಪ್ಪನ್ನ ಬ್ರಷ್ ಮೇಲೆ ಹಾಕ್ತೀರಿ. ಅಷ್ಟರಲ್ಲಿ ಹಲ್ಲು ಹಿಡ್ಕೊಂಡಿರೋ ಮೂಳೆ ಸವೆದಿರುತ್ತೆ.”

“ಮತ್ತೆ ಬೆಳೆಯುತ್ತಾ?”

“ಸುಮ್ನೆ ಆಸೆ ಹುಟ್ಟಿಸಲ್ಲ. ಹೋಗಿದ್ದು ಹೋಯ್ತು. ಇರೋದನ್ನ ಉಳಿಸ್ಕೊಳ್ಳೋಣ.”

ಟೈಲರಿಗೆ ಯಾಕೋ ಗಂಟಿನ ಕೆಳಗಿನ ಸ್ಟೂಲು ನೆನಪಾಯಿತು. ಕಣ್ಣು ಒದ್ದೆಯಾಯಿತು. ನರ್ಸು ಅದು ಇಂಜೆಕ್ಷನ್ನಿನ ಭಯವೆಂದುಕೊಂಡು ಭುಜ ತಟ್ಟಿದಳು.

ಬಾಯಿ ಮರಗಟ್ಟಿಸಿ, ಒಸಡಿನ ಕೆಳಗೆ ಅಡಗಿದ್ದ ಕಿಟ್ಟವನ್ನೆಲ್ಲ ಕೆರೆದು ತೆಗೆದರು. ಅಲ್ಲಾಡುತ್ತಿದ್ದ ಒಂದು ಹಲ್ಲು, ದಾರ ಕಡಿಯುತ್ತಿದ್ದ ಅದೇ ಕಬ್ಬಿಣದ ಹಲ್ಲು, ಉಳಿಯುವುದು ಅನುಮಾನ ಎಂದರು. ಇನ್ನು ಆ ಹಲ್ಲಿಗೆ ದಾರ ತಾಕಿಸಕೂಡದು, ಎರಡು ಹೊತ್ತೂ ಮೆತ್ತಗಿನ ಬ್ರಷ್ಷಲ್ಲಿ ಉಜ್ಜಬೇಕು, ಮತ್ತೆ ಬಂದು ತೋರಿಸಬೇಕು ಎಂದು ಕಟ್ಟಪ್ಪಣೆ ಮಾಡಿದರು. ಜೊತೆಗೆ ಹಲ್ಲಿನ ಸಂದಿ ತಿಕ್ಕಲು ಒಂದು ಉಂಡೆ ದಾರ ಕೊಟ್ಟರು. ಟೈಲರಿಗೇ ದಾರ ಹಿಡಿಯುವುದನ್ನು ಹೇಳಿಕೊಟ್ಟು ಕಳಿಸಿದರು!

ಮನೆಗೆ ಬಂದ ಟೈಲರು ಗಂಟನ್ನು ಕೆಳಗಿಳಿಸಿ, ಸ್ಟೂಲು ಒರೆಸಿ, ಅದರ ಮೇಲೆ ಸೂಜಿಡಬ್ಬಿ ಇಟ್ಟು ಹೆಂಡತಿಯನ್ನು ಕರೆದರು. ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಮಾತು ಮರಗಟ್ಟಿದ ಬಾಯಿಯಿಂದ ಹೊರಟಿತು.

“ಅಪ್ಪ... ಆಹ್... ಉಹ್...”

ಜೊತೆಗೆ ಜೊಲ್ಲೂ ಬಂತು. ಹೆಂಡತಿ ಬಟ್ಟೆಯ ತುಂಡಿನಿಂದ ಅವರ ಗಲ್ಲ ಒರೆಸಿದಳು. ಆಮೇಲೆ ಮೆಲ್ಲಗೆ ಹೇಳಿದಳು. “ಎದುರಂಗಡಿಯಮ್ಮಂಗೆ ಗುಂಡಿ ಹಾಕೋರು ಬೇಕಂತೆ. ನಾಳೆಯಿಂದ ಬರ್ತೀನಿ ಅಂದಿದೀನಿ. ನಿಮಗೆ ಅಡುಗೆ ಮಾಡಿಟ್ಟೇ ಹೋಗ್ತೀನಿ. ಅಲ್ಲಿ ಬೆರಳು ತೋರಿಸು ಅಂತ ಯಾರೂ ಕೇಳಲ್ಲ.”

ಮರುದಿನ ಅವಳೂ ಹೋದಳು, ಪುಟ್ಟ ಕತ್ತರಿಯೂ ಹೋಯಿತು. ಟೈಲರು ಹೆಡ್‌ಮಾಸ್ಟರ ಶರ್ಟಿಗೆ ಬದಲು ಹೊಲಿದ ಹೊಸ ಶರ್ಟಿಗೆ ಗುಂಡಿ ಹಾಕಿದರು. ಅಭ್ಯಾಸಬಲದಿಂದ ಬಾಯಿಗೆ ತಂದವರು ಬೆಚ್ಚಿ ಕೆಳಗಿಳಿಸಿದರು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಾಕಿದರೆ ದಾರದ ಜೊತೆ ಗುಂಡಿಯೂ ಉದುರಿತು. ಮತ್ತೆ ಹಾಕಿದರು. ಎದುರಂಗಡಿಯ ಕಿಟಕಿಯಲ್ಲಿ ಬಗ್ಗಿದ ತಲೆಯೊಂದು ಕಾಣುತ್ತಿತ್ತು. ಪೇಟೆಯಲ್ಲಿ ಬೇರೆ ಸಣ್ಣ ಕತ್ತರಿ ಸಿಗುತ್ತಿರಲಿಲ್ಲ ಎಂದಲ್ಲ. ಆದರೂ ದಾರದ ತುದಿಯಲ್ಲಿ ಸೂಜಿ ನೇತಾಡುತ್ತಿದ್ದ ಶರ್ಟನ್ನು ಹಿಡಿದುಕೊಂಡು ಟೈಲರು ರಸ್ತೆ ದಾಟಿದರು.

ಅಲ್ಲಿ ಅವರ ಹಳೆಯ ಗಿರಾಕಿಗಳೆಲ್ಲ ನೆರೆದಿದ್ದರು, ಹೆಡ್‌ಮಾಸ್ಟರ ಸಮೇತ! ಟೈಲರು ಎಲ್ಲರ ಹಿಂದೆ ನಿಂತು, ತಮ್ಮ ಸರದಿ ಬಂದಾಗ ಶರ್ಟನ್ನು ಚಾಚಿದರು. ಈ ಸಲ ಬಾಯಿ ನೆಟ್ಟಗಿತ್ತು.

“ತಪ್ಪಾಯ್ತು ಕಣೇ. ರಕ್ತ ನಿನ್ನ ಬೆರಳಿಂದಲ್ಲ. ನನ್ನ ಬಾಯಿಂದು.”

ಅವಳು ಶರ್ಟನ್ನು ಬೆಳಕಿಗೆ ಹಿಡಿದು ಗುಂಡಿಗಳನ್ನು ಒಂದೊಂದಾಗಿ ನೋಡಿದಳು. ಎಲ್ಲೂ ಕಲೆ ಇರಲಿಲ್ಲ. ಪುಟ್ಟ ಕತ್ತರಿಯಿಂದ ದಾರ ಕತ್ತರಿಸಿದಳು. ಬಾಲ ಉಳಿಯಲಿಲ್ಲ.

“ಆ ಕತ್ತರಿ... ಮನೆಗೆ ತರ್ತೀಯಾ?” ಎಂದು ಟೈಲರು ಪಿಸುಗುಟ್ಟಿದರು.

“ಕತ್ತರಿ ಇಲ್ಲೇ ಇರುತ್ತೆ. ದಾರ ಕತ್ತರಿಸಬೇಕು ಅಂದ್ರೆ ನೀವೇ ಬನ್ನಿ,” ಎಂದು ಅವಳು ಮುಂದಿನವರ ಬಟ್ಟೆಗೆ ಕೈಚಾಚಿದಳು. “ಹಲ್ಲುಜ್ಜಿಕೊಂಡು ಬನ್ನಿ.”