ಬಿಸಿಲಿಗಿಟ್ಟ ಡ್ಯಾಶ್‌ಬೋರ್ಡು

ಭಾನುವಾರ ಬೆಳಿಗ್ಗೆ ಮಂಡಕ್ಕಿ ಒಗ್ಗಾಣಿಯ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಮಿರ್ಚಿಯನ್ನೂ ಮುಗಿಸಿ, ಕೈ ತೊಳೆದುಕೊಂಡು ಬಂದ ವಿರೂಪಾಕ್ಷಪ್ಪನವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು.

"ಇವತ್ತ ಕಾರಿನ ಡ್ಯಾಶ್‌ಬೋರ್ಡಿಗೆ ನಾನ ಬಣ್ಣ ಹಚ್ಚತೀನಿ. ಸಂಜಿಗೆ ನೋಡು, ಶೋರೂಮಿನಾಗಿಂದ ಈಗ ತಂದಂಗ ಇರತೈತಿ!"

ಹೆಂಡತಿ ಗುರುಬಸಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಜೀನ್ಸ್ ವಾಷಿಂಗ್ ಯೂನಿಟ್ಟಿನಾಗ ಇಷ್ಟು ವರ್ಷ ಪ್ಯಾಂಟಿನ ಬಣ್ಣ ತಗದೀರಿ. ಹಚ್ಚೋದು ಯಾವಾಗ ಕಲ್ತ್ರಿ?"

"ತಗಿಯಾಕ ಬಂದಾವಗ ಹಚ್ಚಾಕ ಬರಂಗಿಲ್ಲೇನು?"

ಗುರುಬಸಮ್ಮ ಹಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು.

ಅದು ಸೆಕೆಂಡ್ ಹ್ಯಾಂಡ್ ಕಾರು. ನಮ್ಮ ಬಳ್ಳಾರಿಯ ಬಿಸಿಲಿಗೆ ಅದರ ಡ್ಯಾಶ್‌ಬೋರ್ಡು ಬಿಳಿಚಿಕೊಂಡು, ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ಪ್ರತಿ ಅಮಾವಾಸ್ಯೆ ಗಾಡಿ ಪೂಜೆಗೆ ಮುಂಚೆ ವಿರೂಪಾಕ್ಷಪ್ಪನವರು ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ ತಿಕ್ಕಿ ಮಿಂಚಿಸುತ್ತಿದ್ದರು. ಎಣ್ಣೆಯ ಮೇಲೆ ಧೂಳು ಕೂತು ಅದು ಇನ್ನಷ್ಟು ಹದಗೆಡುತ್ತಿತ್ತು. ಹೋದ ವರ್ಷ ಒಂದು ಮದುವೆಗೆ ಹೊರಟಾಗ ಕುರುಗೋಡಿನ ಅತ್ತೆ ಚನ್ನವೀರಮ್ಮನವರು ಬಾಗಿಲು ತೆಗೆದು ಒಳಗೆ ಇಣುಕಿ, "ಬೂದಿ ಹಿಡಿದ ಒಲಿ ಮುಂದ ಕುಂತಂಗ ಆಗತೈತವ್ವ" ಎಂದವರೇ, ಸಿರುಗುಪ್ಪದ ಕಿರಿಯ ಅಳಿಯ ಸುಭಾಷನ ಹೊಸ ಕಾರು ಹತ್ತಿಬಿಟ್ಟಿದ್ದರು. ಹೆತ್ತ ತಾಯಿ ತನ್ನ ಗಾಡಿಯಲ್ಲಿ ಕೂರಲಿಲ್ಲವೆಂದು ಗುರುಬಸಮ್ಮ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಿದ್ದಳು. ಈಗ ನಾಳೆ ಸೋಮವಾರ ಅದೇ ಸುಭಾಷನ ಹೊಸ ಮನೆಯ ಗೃಹಪ್ರವೇಶ.

"ಈ ಸಲ ನಮ್ಮವ್ವ ನಮ್ಮ ಗಾಡ್ಯಾಗ ಬರಬೇಕ್ರಿ. ಮತ್ತೇನೂ ಬ್ಯಾಡ ನನಗ," ಎಂದಿದ್ದಳು ಗುರುಬಸಮ್ಮ. ಫೋನಿನಲ್ಲಿ ಕಾಡಿ ಬೇಡಿ ತಾಯಿಯನ್ನು ಒಪ್ಪಿಸಿಯೂ ಇದ್ದಳು.

ವಿರೂಪಾಕ್ಷಪ್ಪನವರು ಅಟ್ಟದಿಂದ ಇಳಿಸಿದ್ದು ಮನೆಯ ಗೇಟಿಗೆ ಹಚ್ಚಿ ಉಳಿದಿದ್ದ ಬೂದುಬಣ್ಣದ ಪೇಂಟಿನ ಡಬ್ಬಿ.

"ಇದು ಕಬ್ಬಿಣಕ್ಕ ಹಚ್ಚೋದಲ್ಲೇನ್ರಿ?"

"ಡಬ್ಬಿ ಮ್ಯಾಲ ಓದು. ಬಿಸಿಲಿರಲಿ, ಮಳಿ ಇರಲಿ, ಐದು ವರ್ಷ ಗ್ಯಾರಂಟಿ. ಹೊರಗ ನಿಂತ ಗೇಟಿಗೆ ಐದು ಅಂದ್ರ, ಒಳಗ ಆರಾಮ ಇರೋ ಡ್ಯಾಶ್‌ಬೋರ್ಡಿಗೆ ಹತ್ತು ಅಂತ ತಿಳ್ಕೋ."

"ಮೊದಲ ಎಣ್ಣಿ ಜಿಡ್ಡರ ತೊಳೀರಿ. ಎಣ್ಣಿ ಹಚ್ಚಿದ ತಲಿಗೆ ಡೈ ಹತ್ತಂಗಿಲ್ಲಂತ ನಿಮಗ ಗೊತ್ತಿಲ್ಲೇನು?"

ತಲೆಗೂದಲಿನ ಮಾತು ಬಂದದ್ದು ವಿರೂಪಾಕ್ಷಪ್ಪನವರಿಗೆ ಹಿಡಿಸಲಿಲ್ಲ. "ಅದೆಲ್ಲಾ ಒಳಗ ಹೀರ್ಕೊಂಡೈತಿ, ನೀ ಒಳಗ ನಡಿ," ಎಂದು ಬ್ರಷ್ ಅದ್ದಿದರು.

ಸ್ಟೀರಿಂಗಿನ ಸಂದಿಯಲ್ಲಿ ತಲೆ ತೂರಿಸಿ, ಕಾಲು ಹೊರಗೆ ಚಾಚಿ, ಉಸಿರು ಬಿಗಿಹಿಡಿದು ಬಳಿದರು. ತೆಳುವಾಗಿ ಬಳಿದರೆ ಜಿಪುಣತನವೆಂದು ದಪ್ಪಗೆ ಬಳಿದರು. ಮೊಣಕೈಗೆ ಬಣ್ಣ, ಕನ್ನಡಕಕ್ಕೆ ಬಣ್ಣ, ಬನಿಯನ್ನಿಗೆ ಬಣ್ಣ. ಕೊನೆಗೆ ಗಾಜುಗಳನ್ನೆಲ್ಲ ಏರಿಸಿ ಕಾರನ್ನು ನಡುಬಿಸಿಲಿಗೆ ನಿಲ್ಲಿಸಿದರು. ಮೆಣಸಿನಕಾಯಿ, ಹಪ್ಪಳ, ಶಾವಿಗೆ ಎಲ್ಲವನ್ನೂ ಒಣಗಿಸುವ ಬಿಸಿಲಿಗೆ ಒಂದು ಡ್ಯಾಶ್‌ಬೋರ್ಡು ಯಾವ ಲೆಕ್ಕ? ಸಂಜೆ ಮೂಲೆಯೊಂದನ್ನು ಕಿರುಬೆರಳಲ್ಲಿ ಮುಟ್ಟಿದರು. ಗರಿಗರಿ ಒಣಗಿತ್ತು. ಎಣ್ಣೆ ಎಂದೂ ಮುಟ್ಟದ ಮೂಲೆ ಅದೊಂದೇ ಎಂಬುದು ಅವರಿಗೆ ಹೊಳೆಯಲಿಲ್ಲ. ಮಿಕ್ಕ ಕಡೆ ಬಿಸಿಲಿಗೆ ಮೇಲಿನ ಪದರವಷ್ಟೇ ಒಣಗಿ, ಕೆಳಗೆ ಬಣ್ಣವೂ ಎಣ್ಣೆಯೂ ಹಸಿಯಾಗಿ ಕೂತಿದ್ದವು. ಅದರ ಮೇಲೆ ಹಿತ್ತಾಳೆಯ ಪುಟ್ಟ ಬಸವಣ್ಣನನ್ನು ಭಕ್ತಿಯಿಂದ ಕೂರಿಸಿದರು.

ಮರುದಿನ ಕುರುಗೋಡಿನಲ್ಲಿ ಚನ್ನವೀರಮ್ಮನವರು ಕಾರಿನ ಬಾಗಿಲು ತೆಗೆದು ಇಣುಕಿದರು. ಗುರುಬಸಮ್ಮ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದಳು.

"ಹೊಸಾ ಗಾಡಿ ತಗೊಂಡ್ರೇನ್ರೀ ಅಳಿಯಂದ್ರ?"

"ಇಲ್ರೀ ಅತ್ತಿಯವರ, ಹಳೇದ. ನಾನ ಕೈಯಾರೆ ಮಾಡೀನಿ," ಎಂದರು ವಿರೂಪಾಕ್ಷಪ್ಪನವರು, ಎದೆ ಅರ್ಧ ಗೇಣು ಉಬ್ಬಿಸಿ.

ಅತ್ತೆ ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ಹಿಂದೆ ಕೂತ ಗುರುಬಸಮ್ಮನ ಕಣ್ಣುಗಳು ಸಂತೋಷಕ್ಕೆ ಒದ್ದೆಯಾದವು. ಹೊರಡುವ ಮುನ್ನ ಗಾಡಿಯ ಬಸವಣ್ಣನ ಪಾದ ಮುಟ್ಟಿ, ಅಲ್ಲಿನ ವಿಭೂತಿಯನ್ನು ಕೂತವರ ಹಣೆಗೆಲ್ಲ ಬಳಿಯುವುದು ಚನ್ನವೀರಮ್ಮನವರ ಪದ್ಧತಿ. ಕನ್ನಡಕ ಚೀಲದಲ್ಲಿತ್ತು. ಬಸವಣ್ಣನ ಮುಂದೆ ಬೂದುಬಣ್ಣ ಕಂಡಿತು. ಮೂರು ಬೆರಳು ಒತ್ತಿ ಎಳೆದು ಮೊದಲು ಅಳಿಯನಿಗೆ, ಆಮೇಲೆ ಮಗಳಿಗೆ, ಕೊನೆಗೆ ತಮಗೆ, ಹಣೆಯ ಈ ಕೊನೆಯಿಂದ ಆ ಕೊನೆಗೆ ಎಳೆದುಕೊಂಡರು.

"ಎಷ್ಟು ತಣ್ಣಗ ಐತಿ ನೋಡ್ರಿ," ಎಂದರು.

ವಿರೂಪಾಕ್ಷಪ್ಪನವರು ಡ್ಯಾಶ್‌ಬೋರ್ಡು ನೋಡಿದರು. ನೇಗಿಲು ಹೊಡೆದಂತೆ ಮೂರು ಸಾಲು ಬಿದ್ದಿದ್ದವು. ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದರು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು, ಅಳುವಿಗೋ ನಗುವಿಗೋ ತಿಳಿಯಲಿಲ್ಲ. ಬಾಯಿಬಿಟ್ಟರೆ ಅತ್ತೆ ಇಳಿದೇ ಹೋಗುತ್ತಾರೆ. ಸಿರುಗುಪ್ಪದವರೆಗೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಗದ್ದೆಗಳ ಗಾಳಿ ಬೀಸಿ ಬೀಸಿ, ಪ್ಲಾಸ್ಟಿಕ್ಕಿನ ಮೇಲೆ ಒಣಗದ ಬಣ್ಣ ಹಣೆಯ ಮೇಲೆ ಚೆನ್ನಾಗಿ ಒಣಗಿತು.

ಗೃಹಪ್ರವೇಶದ ಮನೆಯಲ್ಲಿ ಅವರದೇ ಸುದ್ದಿ. "ವಿಭೂತಿ ಅಂದ್ರ ಹಿಂಗಿರಬೇಕು!" ಎಂದರು ಪೂಜೆಗೆ ಬಂದ ಅಯ್ಯನವರು. ಊಟಕ್ಕೆ ಮುಂಚೆ ಎಲ್ಲರೂ ಮುಖ ತೊಳೆದರು, ಎಲ್ಲರ ವಿಭೂತಿಯೂ ಹೋಯಿತು. ಈ ಮೂವರದು ಇನ್ನೂ ಹೊಳೆಯಿತು. ಸುಭಾಷನ ಹೆಂಡತಿ ಅರುಣಾ ಸೋಪು ತಂದಳು, ಕಡಲೆಹಿಟ್ಟು ತಂದಳು. ಚನ್ನವೀರಮ್ಮನವರು ಕನ್ನಡಕ ಹಾಕಿಕೊಂಡು ತಮ್ಮ ಬೆರಳು ನೋಡಿದರು, ಮೂಸಿದರು, ಹಿರಿಯ ಅಳಿಯನ ಹಣೆ ನೋಡಿದರು.

"ಅಳಿಯಂದ್ರ, ಇದು ಯಾವ ಮಠದ ವಿಭೂತಿರೀ?"

"ಮಠದ್ದಲ್ರೀ ಅತ್ತಿಯವರ... ನಮ್ಮನಿ ಗೇಟಿಂದು."

ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು. ಗುರುಬಸಮ್ಮ ತಲೆ ತಗ್ಗಿಸಿದಳು. ಇನ್ನು ಅವ್ವ ಈ ಜನ್ಮದಲ್ಲಿ ನಮ್ಮ ಕಾರು ಹತ್ತುವುದಿಲ್ಲ ಎಂದುಕೊಂಡಳು. ಊಟ ಮುಗಿಯುತ್ತಲೇ ಸುಭಾಷ್ ತನ್ನ ಹೊಸ ಕಾರನ್ನು ಬಾಗಿಲಿಗೇ ತಂದು ನಿಲ್ಲಿಸಿದ. "ಬರ್ರಿ ಅತ್ತಿಯವರ, ಕುರುಗೋಡಿಗೆ ನಾ ಬಿಡ್ತೀನಿ."

"ಬ್ಯಾಡ್ರಿ," ಎಂದರು ಚನ್ನವೀರಮ್ಮ. "ನಾ ದೊಡ್ಡ ಅಳಿಯಂದ್ರ ಗಾಡ್ಯಾಗ ಹೋಗ್ತೀನಿ."

ಗುರುಬಸಮ್ಮ ತಗ್ಗಿಸಿದ ತಲೆ ಎತ್ತಿದಳು. ವಿರೂಪಾಕ್ಷಪ್ಪನವರ ಎದೆ ಮತ್ತೆ ಉಬ್ಬತೊಡಗಿತು.

"ಕುರುಗೋಡಿಗಲ್ಲ, ಬಳ್ಳಾರಿಗೆ. ಈ ಹಣಿ ಹೊತ್ಕೊಂಡು ಊರಾಗ ಹೆಂಗ ತಿರಗ್ಲಿ? ಬಣ್ಣ ತಗಿಯೋದ ಅಲ್ಲೇನು ಅವ್ರ ಕಸುಬು? ತಗೀಲಿ. ಇದು ಪೂರ್ತಿ ಹೋಗೂತನಕ ನಾ ಮಗಳ ಮನ್ಯಾಗ ಇರ್ತೀನಿ."

ಗುರುಬಸಮ್ಮ ಓಡಿಬಂದು ಅವ್ವನ ಕೈ ಹಿಡಿದುಕೊಂಡಳು. ಹಿಡಿದುಕೊಂಡೇ ಗಂಡನ ಕಡೆ ತಿರುಗಿ, ಮುಖದ ತುಂಬ ನಗುತ್ತ ಕೇಳಿದಳು.

"ರೀ, ಡಬ್ಬಿ ಮ್ಯಾಲ ಎಷ್ಟು ವರ್ಷ ಗ್ಯಾರಂಟಿ ಅಂದಿದ್ರಿ?"