ಜನ್ಮದೋಷಕ್ಕೆ ಪ್ಲಾಸ್ಟರು

ಸರ್ಕಾರ ನಮಗೆ ನಗುವುದಕ್ಕೆಂದು ಸಂಬಳ ಕೊಡುವುದಿಲ್ಲ. ಆದರೂ ಹುನಗುಂದದ ಹತ್ತಿರದ ಹಳ್ಳಿಯಲ್ಲಿ ನರ್ಸಾಗಿರುವ ನನಗೆ ನಗದೆ ದಿನ ಕಳೆದದ್ದು ಕಡಿಮೆ.

ಬೋರ್ಡು

ಹುಟ್ಟುವಾಗಲೇ ತುಟಿ ಸೀಳಿದ, ಕಾಲು ತಿರುಚಿದ ಕೂಸುಗಳನ್ನು ನೋಡಲೆಂದು ದವಾಖಾನೆಯ ಬಾಗಿಲಿಗೆ ಬೋರ್ಡು ಹಾಕಿದೆ: ‘ಜನ್ಮದೋಷ ತಪಾಸಣೆ, ಉಚಿತ.’ ಮರುದಿನ ಬಾಗಿಲಲ್ಲಿ ಹತ್ತು ಜನ. ಎಲ್ಲರ ಕೈಯಲ್ಲೂ ಜಾತಕ!

“ಮಗಳಿಗೆ ಕುಜದೋಷ ಐತ್ರಿ ಅಕ್ಕಾರ” ಎಂದರು ಮುಂದಿದ್ದ ಹಿರಿಯರು.

“ಇಲ್ಲಿ ಕೂಸಿನ ಕೈಕಾಲು ನೋಡ್ತೀವ್ರಿ, ಜಾತಕ ಅಲ್ಲ.”

“ನನಗ ಮೊದಲ ಸಂಶೆ ಇತ್ತು ಬಿಡ್ರಿ. ದಕ್ಷಿಣಿ ಇಲ್ಲದ ಯಾರು ಜಾತಕ ನೋಡ್ತಾರ?”

ಎಲ್ಲರೂ ಹೋದರು. ಉಳಿದವಳು ಒಬ್ಬ ಮುದುಕಿ. ಜಾತಕದ ಜೊತೆ ಮೊಮ್ಮಗನನ್ನೂ ತಂದಿದ್ದಳು. ಕೂಸಿನ ಎರಡೂ ಪಾದ ಒಳಕ್ಕೆ ತಿರುಗಿದ್ದವು. ಇವನನ್ನು ನಡೆಸಿಯೇ ಬಿಡುವವಳೆಂದು ಅಂದೇ ಹಟ ಹಿಡಿದೆ.

ಮೀಟಿಂಗು

ಆ ಕೂಸಿನ ಹೆಸರು ವರದಿಗೆ ಸೇರಿತು. ತಾಲೂಕಿನ ಮೀಟಿಂಗಿನಲ್ಲಿ ನಮ್ಮ ಇಲಾಖೆಯ ಸಾಹೇಬರು ಸಿಟ್ಟಾದರು.

“ಹೋದ ವರ್ಷ ಒಂದ ಕೂಸಿಗೆ ದೋಷ, ಈ ವರ್ಷನೂ ಒಂದ. ಆದರ ಹೆರಿಗಿ ಅರ್ಧಕ್ಕ ಇಳದಾವ. ಅಂದ್ರ ಪ್ರಮಾಣ ಡಬಲ್ ಆತಲ್ಲ!”

“ಹೆರಿಗಿ ಅರ್ಧ ಆತಂತ ಕೂಸಿಗೆ ಅರ್ಧ ದೋಷ ಬರೂದಿಲ್ರಿ ಸರ.”

“ಹಂಗಾರ ಹೆರಿಗಿ ಹೆಚ್ಚ ಮಾಡ್ರಿ!”

“ನನಗ ಐವತ್ನಾಕು ಆಗ್ಯಾವ್ರಿ ಸರ” ಎಂದೆ. ಮೀಟಿಂಗು ಅಲ್ಲಿಗೆ ಮುಗಿಯಿತು.

ಎಂಟು ಮಂದಿ ಓಟ

ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿ ಪ್ಲಾಸ್ಟರು ಹಾಕಿದರೆ ಪಾದ ನೆಟ್ಟಗಾಗುತ್ತದೆ ಎಂದರೆ ಮುದುಕಿ ಒಪ್ಪಲೊಲ್ಲಳು. “ಮಹಾಕೂಟದ ಹೊಂಡದಾಗ ಮುಳುಗಿಸಿದ್ರ ದೋಷ ಹೋಗ್ತೈತಿ” ಎನ್ನುವಳು. ನಾಲ್ಕು ಸಲ ಅವರ ಮನೆಗೆ ಹೋದೆ, ನಾಲ್ಕು ಸಲವೂ ಚಹಾ ಕುಡಿಸಿ ಕಳಿಸಿದಳು. ಐದನೆಯ ಸಲ ಬಾಯಿಬಿಟ್ಟಳು.

“ನಾ ಎಂಟು ಹಡದೇನಿ ಯವ್ವಾ. ಒಂದಕ್ಕ ಹಿಂಗ ಇತ್ತು. ಯಾರು ನೋಡಿದ್ರು?”

“ಅದರ ಬದಲಿ ಉಳಿದ ಏಳು ಓಡ್ಯಾಡಿದ್ವು ಯಮ್ಮಾ. ನಿನ್ನ ಸೊಸಿ ಒಂದ ಸಾಕು ಅಂದಾಳ. ಇವನ ಬದಲಿ ಯಾರು ಓಡಬೇಕು?”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುದಿನ ಬಾಗಲಕೋಟೆಯ ಬಸ್ಸಿನಲ್ಲಿ ಕೂಸನ್ನೆತ್ತಿಕೊಂಡು ನನಗಿಂತ ಮೊದಲೇ ಕೂತಿದ್ದಳು. ವಾರಕ್ಕೊಂದರಂತೆ ಪ್ಲಾಸ್ಟರು, ಆಮೇಲೆ ಪಾದ ಮತ್ತೆ ತಿರುಗದಂತೆ ಪಟ್ಟಿಯ ಬೂಟು. ಒಂದು ವಾರವೂ ತಪ್ಪಿಸಲಿಲ್ಲ.

ಈಗ ಹುಡುಗನಿಗೆ ಮೂರು ವರ್ಷ. ಮೊನ್ನೆ ಮುದುಕಿ ಏದುಸಿರು ಬಿಡುತ್ತ ದವಾಖಾನೆಗೆ ಬಂದಳು.

“ಎಂಟು ಮಂದಿ ಓಟ ಇವನೊಬ್ಬನ ಓಡಾಕತ್ತಾನ, ಹಿಡಿಯಾಕ ಆಗವಲ್ದು. ನಿನ್ನ ಕಾಲಿಗೆ ಬೀಳ್ತೇನಿ ಯವ್ವಾ, ಒಂದ ವಾರ ಮತ್ತ ಪ್ಲಾಸ್ಟರ್ ಹಾಕು!”